1277: ಗ್ರಾಮೋ, ಮಿಲಿಯೋ? ಬೆಟಗೇರಿಯ ಬಣ್ಣದ ಮನೆಯ ಒಂದು ಲೆಕ್ಕ

ಒಂದೇ ಬಣ್ಣದ ಪುಡಿ, ಒಂದೇ ನೂಲು, ಒಂದೇ ಬಾನಿ. ಆದರೂ ಬಿದಿರಿನ ಗಳದ ಮೇಲೆ ಮೂರು ಥರದ ಹಸಿರು ನೇತಾಡುತ್ತಿತ್ತು. ಮೊದಲನೇದು ಬೂಷ್ಟು ಹಿಡಿದಂತೆ ಚುಕ್ಕೆ ಚುಕ್ಕೆ. ಎರಡನೇದು ತುಂಬಿದ ಹಸಿರು, ಒಳಗೆ ಚೂರು ನೀಲಿ ಬೆರೆತ ಹಾಗೆ, ನೋಡಲು ಬಲು ಚಂದ. ಮೂರನೇದು ಮಂಕು. ವಿಚಿತ್ರ ಏನೆಂದರೆ, ಸರಿಯಾಗಿ ಲೆಕ್ಕ ಮಾಡಿ, ಕಾಟಾದಲ್ಲಿ ತೂಗಿ ಹಾಕಿದ್ದು ಮೂರನೇ ಬಾನಿಗೆ. ಚಂದ ಬಂದ ಎರಡನೇ ಬಾನಿಗೆ ಹಾಕಿದ್ದು ತಪ್ಪು ಅಳತೆ.

ನಾನು ಗದಗದಲ್ಲಿ ಪಿಯು ಹುಡುಗರಿಗೆ ರಸಾಯನಶಾಸ್ತ್ರ ಹೇಳುವವನು. ಮನೆ ಬೆಟಗೇರಿಯಲ್ಲಿ. ನಮ್ಮ ಓಣಿಯ ತುದಿಗೆ ಈ ಬಣ್ಣದ ಮನೆ. ಕಾರ್ಖಾನೆ ಅಂತ ಕರೆಯುವಷ್ಟು ದೊಡ್ಡದೇನಲ್ಲ. ಹಿತ್ತಲಲ್ಲಿ ತಗಡಿನ ಚಪ್ಪರ, ಅದರಡಿ ಎರಡು ಸ್ಟೀಲಿನ ಬಾನಿ, ಒಂದು ಕಟ್ಟಿಗೆ ಒಲೆ. ನಡೆಸುವವರು ಕಾಕಾ ಮತ್ತು ಅವರ ಮಗ. ಬೆಟಗೇರಿಯ ಮಗ್ಗಗಳಿಗೂ ಗಜೇಂದ್ರಗಡದ ಕಡೆಯ ಪಟ್ಟೇದ ಅಂಚಿನ ಸೀರೆ ನೇಯುವವರಿಗೂ ಹತ್ತಿ ನೂಲಿಗೆ ಬಣ್ಣ ಹಾಕಿ ಕೊಡುತ್ತಾರೆ. ಮಗ ಕಾಮರ್ಸ್ ಓದಿದವ, ಲೆಕ್ಕದಲ್ಲಿ ಚುರುಕು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಡೆದದ್ದಕ್ಕೆ ದಡ್ಡತನ ಕಾರಣ ಅಲ್ಲ. ಇದರಲ್ಲಿ ನನ್ನ ಪಾಲೂ ಇದೆ.

ಆಷಾಢ ಮುಗಿಯುತ್ತ ಬಂದಿತ್ತು. 15 ಕಿಲೋ ನೂಲಿಗೆ ಹಸಿರು ಹಾಕುವ ಕೆಲಸ ಬಂದಿತ್ತು, ಪಂಚಮಿಯೊಳಗೆ ಕೊಡಬೇಕು. ಒಂದು ಬಾನಿಗೆ 5 ಕಿಲೋ, ಹೀಗೆ ಮೂರು ಸಲ. ಬಣ್ಣ ವ್ಯಾಟ್ ಜಾತಿಯದು, ಪೇಟೆಯಲ್ಲಿ ಜೇಡ್ ಗ್ರೀನ್ ಅಂತ ಕೇಳಿದರೆ ಕೊಡುವ ಪುಡಿ. ಕಾಕಾ ಅವರ ವಹಿಯಲ್ಲಿ ಹಳೇ ಕೈಬರಹದ ಪಟ್ಟಿ ಹೀಗಿದೆ: ನೂಲು 5 ಕಿಲೋ, ನೀರು 100 ಲೀಟರ್, ಬಣ್ಣ ಶೇ. 2, ಕಾಸ್ಟಿಕ್ 600 ಗ್ರಾಂ, ಹೈಡ್ರೋಸ್ 500 ಗ್ರಾಂ, ಶಾಖ 60 ಡಿಗ್ರಿ.

ಈ ಪಟ್ಟಿಯಲ್ಲಿನ ಹೈಡ್ರೋಸ್ ಅಂದರೆ ಸೋಡಿಯಂ ಹೈಡ್ರೋಸಲ್ಫೈಟ್ ಪುಡಿ. ಕಾಸ್ಟಿಕ್ ಅಂದರೆ ಬಿಳಿ ಚಕ್ಕೆಯಾಗಿ ಬರುವ ಕಾಸ್ಟಿಕ್ ಸೋಡಾ, ಸೋಡಿಯಂ ಹೈಡ್ರಾಕ್ಸೈಡ್. ಮಳೆಗಾಲದಲ್ಲಿ ಇದರ ಚೀಲದ ಬಾಯಿ ಅರ್ಧ ದಿನ ತೆರೆದಿದ್ದರೆ ಸಾಕು, ಗಾಳಿಯ ಪಸೆ ಹೀರಿ ಬೆಲ್ಲದ ಪಾಕದಂತೆ ಜಿಗುಟಾಗುತ್ತದೆ. ಕಾಕಾ ಅವರ ಚೀಲಕ್ಕೂ ಅದೇ ಆಯಿತು. ಮಗ ಗದಗ ಪೇಟೆಗೆ ಹೋದ. ಅಂಗಡಿಯಲ್ಲಿ ಚಕ್ಕೆ ಇರಲಿಲ್ಲ. "ಲೈ ಒಯ್ಯಿ, ಅದೂ ಕಾಸ್ಟಿಕ್ಕ" ಅಂತ ಒಂದು ನೀಲಿ ಕ್ಯಾನ್ ಕೊಟ್ಟರು. ಲೈ ಅಂದರೆ ನೀರಲ್ಲಿ ಕರಗಿದ ಕಾಸ್ಟಿಕ್. 10 ಕಿಲೋ. ಕ್ಯಾನಿನ ಮೇಲೆ ಚೀಟಿ: ಶೇ. 47.

ಇಲ್ಲಿಂದ ಶುರು.

ಮೊದಲ ಬಾನಿ

ಹುಡುಗ ಕ್ಯಾಲ್ಕುಲೇಟರ್ ತೆಗೆದ. 600 ಗ್ರಾಂ ಬೇಕು, ಶೇ. 47 ಇದೆ. 600 ಗುಣಿಸು 0.47. ಬಂತು 282. ಕ್ಯಾನಿನಿಂದ 282 ಗ್ರಾಂ ಲೈ ತೂಗಿ ಬಾನಿಗೆ ಹಾಕಿದ.

ಮುಂದೇನಾಯಿತು ತಿಳಿಯಬೇಕಾದರೆ ವ್ಯಾಟ್ ಬಣ್ಣದ ಸ್ವಭಾವ ಸ್ವಲ್ಪ ಗೊತ್ತಿರಬೇಕು. ಈ ಬಣ್ಣ ನೀರಲ್ಲಿ ಕರಗುವುದೇ ಇಲ್ಲ. ಕಾಸ್ಟಿಕ್ ಮತ್ತು ಹೈಡ್ರೋಸ್ ಎರಡೂ ಸೇರಿದಾಗ ಮಾತ್ರ ಅದು ರೂಪ ಬದಲಿಸಿ ಕರಗುತ್ತದೆ. ಜೇಡ್ ಗ್ರೀನ್ ಆಗ ಹಸಿರಾಗಿ ಇರುವುದಿಲ್ಲ, ನೀಲಿಯಾಗುತ್ತದೆ. ನೂಲನ್ನು ಆ ನೀಲಿ ನೀರಲ್ಲಿ ಅದ್ದಿ, ಹಿಂಡಿ, ಗಾಳಿಗೆ ಹಿಡಿದರೆ ಕಣ್ಣೆದುರೇ ನೀಲಿ ಹೋಗಿ ಹಸಿರು ಮೂಡುತ್ತದೆ. ಗಾಳಿ ತಾಕಿದ ಕಡೆ ಮೊದಲು, ಮಡಿಕೆಯೊಳಗೆ ಆಮೇಲೆ. ನಾನು ಮೂವತ್ತು ಸಲ ನೋಡಿದ್ದೇನೆ, ಈಗಲೂ ನಿಂತು ನೋಡುತ್ತೇನೆ. ಹಾಗೆ ಎಳೆಯೊಳಗೇ ಮತ್ತೆ ಕರಗದ ರೂಪಕ್ಕೆ ಬಂದು ಕೂತ ಬಣ್ಣ ಎಷ್ಟು ಒಗೆದರೂ ಬಿಡುವುದಿಲ್ಲ. ವ್ಯಾಟ್ ಬಣ್ಣದ ಹೆಚ್ಚುಗಾರಿಕೆ ಇರುವುದೇ ಅಲ್ಲಿ.

ಆದರೆ ಹೈಡ್ರೋಸ್ ತನ್ನ ಕೆಲಸ ಮಾಡುತ್ತ ಮಾಡುತ್ತ ಕಾಸ್ಟಿಕ್ಕನ್ನು ತಿನ್ನುತ್ತದೆ. ಒಂದು ಅಣು ಹೈಡ್ರೋಸಿಗೆ ಎರಡು ಅಣು ಕಾಸ್ಟಿಕ್. ತೂಕದಲ್ಲಿ ಹೇಳುವುದಾದರೆ 174 ಗ್ರಾಂ ಹೈಡ್ರೋಸಿಗೆ 80 ಗ್ರಾಂ. ಅಂದರೆ 500 ಗ್ರಾಂ ಹೈಡ್ರೋಸ್ ಪೂರ್ತಿ ಖರ್ಚಾದರೆ ಹತ್ತಿರ ಹತ್ತಿರ 230 ಗ್ರಾಂ ಕಾಸ್ಟಿಕ್ ಅದಕ್ಕೇ ಹೋಯಿತು. ಉಳಿದದ್ದು ಬಣ್ಣವನ್ನು ಕರಗಿಸಿ ಇಟ್ಟುಕೊಳ್ಳಲು. ಪಟ್ಟಿಯಲ್ಲಿ 600 ಇರುವುದು ಅದಕ್ಕೇ.

ಹುಡುಗ ಹಾಕಿದ 282 ಗ್ರಾಂ ಲೈಯಲ್ಲಿ ಕಾಸ್ಟಿಕ್ ಎಷ್ಟು? ಚೀಟಿ ನಂಬಿದರೆ 132 ಗ್ರಾಂ ಚಿಲ್ಲರೆ. ಹೈಡ್ರೋಸಿನ ಹೊಟ್ಟೆಗೇ ಸಾಲದು. ಬಾನಿ ಮೊದಲು ನೀಲಿಯಾಯಿತಂತೆ. ನಾಲ್ಕೈದು ಲಡಿ ನೂಲು ಅದ್ದುವಷ್ಟರಲ್ಲಿ ಮೇಲೆ ಹಸಿರು ಕೆನೆ ಕಟ್ಟಿತು. ಆಮೇಲೆ ಬಣ್ಣ ನೀರಿನಲ್ಲಿ ನಿಲ್ಲದೆ ಪುಡಿಪುಡಿಯಾಗಿ ನೂಲಿನ ಮೇಲೆ ಕೂತಿತು. ಒಳಗೆ ಹೋಗಲಿಲ್ಲ. ಬೆರಳಿಂದ ಉಜ್ಜಿದರೆ ಕೈಗೆ ಹಸಿರು.

ರಾತ್ರಿ ಎಂಟಕ್ಕೆ ಫೋನ್ ಬಂತು. "ಸರ, ಬಾನಿ ಕೆಟ್ಟು ಹೋತ್ರಿ. 600ಕ್ಕ ಶೇಕಡಾ 47ರದ್ದು ಲೈ ಎಷ್ಟು ಹಾಕಬೇಕ್ರೀ?"

ನಾನು ಉತ್ತರ ಪತ್ರಿಕೆ ನೋಡುತ್ತ ಕೂತಿದ್ದೆ. 600 ಭಾಗಿಸು 0.47. "1277" ಅಂದೆ. ಫೋನಿಟ್ಟೆ.

ಗ್ರಾಂ ಅನ್ನಲಿಲ್ಲ. ಅದೇ ರಾತ್ರಿ ಮೂರು ಹುಡುಗರಿಗೆ ಉತ್ತರದ ಮುಂದೆ ಏಕಮಾನ ಬರೆಯಲಿಲ್ಲ ಅಂತ ಅರ್ಧ ಮಾರ್ಕು ಕಡಿದಿದ್ದೆ. ನನಗೆ ಯಾರು ಕಡಿಯಬೇಕು?

ಎರಡನೇ ಬಾನಿ

ಮರುದಿನ ಬೆಳಿಗ್ಗೆ ಹುಡುಗ ಅಳತೆ ಗೆರೆ ಇರುವ ಪ್ಲಾಸ್ಟಿಕ್ ಜಗ್ಗಿನಲ್ಲಿ ಲೈ ಸುರಿದು, 1277ರ ಹತ್ತಿರಕ್ಕೆ ತಂದು ಬಾನಿಗೆ ಹಾಕಿದ. ದ್ರವ ಅಂದಮೇಲೆ ಮಿಲಿ ಅಲ್ವಾ? ಹಾಲು, ಎಣ್ಣೆ, ಸೀಮೆಎಣ್ಣೆ ಎಲ್ಲ ಲೀಟರಿನಲ್ಲೇ ಅಳೆದು ಬೆಳೆದವರು ನಾವು.

ಬಣ್ಣ ಬಹಳ ಚಂದ ಬಂತು. ಕಾಕಾ ಖುಷಿಯಾಗಿ ಒಂದು ಲಡಿ ಹಿಡಿದುಕೊಂಡು ನಮ್ಮ ಮನೆಗೇ ಬಂದರು. "ಸರ, ನಿಮ್ಮ ಲೆಕ್ಕ ಬರೋಬ್ಬರಿ ಬಂತು ನೋಡ್ರಿ" ಅಂದರು. ನಾನೂ ಉಬ್ಬಿದೆ. ಚಹಾ ಆಯಿತು.

ಸಂಜೆ ಅವರ ಮನೆ ಮುಂದೆ ಹಾಯುವಾಗ ಕಟ್ಟೆಯ ಮೇಲೆ ಕೂತೆ. ಕಾಕು ಪಂಚಮಿ ಉಂಡಿಗೆ ಶೇಂಗಾ ಒಡೆಯುತ್ತಿದ್ದರು. ಹುಡುಗ ಬಂದು ಪಕ್ಕದಲ್ಲಿ ಕೂತ. ಅವನದು ಒಂದೇ ಅನುಮಾನ. "ಸರ, ಗುಣಿಸಬೇಕಿತ್ತಲ್ರೀ? ಶೇಕಡಾ ಅಂದ್ರ ಗುಣಿಸೋದು. ಬಣ್ಣಕ್ಕ ಹಂಗ ಮಾಡ್ತೇವಿ."

ಅಲ್ಲಿ ನನಗೆ ಎಲ್ಲಿ ಎಡವಿದ್ದು ಅಂತ ಗೊತ್ತಾಯಿತು. ಬಣ್ಣದ ಮನೆಯಲ್ಲಿ ಶೇಕಡಾ ಅನ್ನೋ ಒಂದೇ ಮಾತಿಗೆ ಎರಡು ಕೆಲಸ. ಬಣ್ಣ ಶೇ. 2 ಅಂದರೆ ನೂಲಿನ ತೂಕದ ಶೇ. 2. ಅಂದರೆ 5 ಕಿಲೋ ನೂಲಿಗೆ 100 ಗ್ರಾಂ ಪುಡಿ. ಅಲ್ಲಿ ಪೂರ್ತಿ ವಸ್ತು ಕೈಯಲ್ಲಿದೆ, ಅದರ ಒಂದು ಪಾಲು ಬೇಕು. ಗುಣಿಸುವುದೇ ಸರಿ. ಹುಡುಗ ಚಿಕ್ಕಂದಿನಿಂದ ಅದನ್ನೇ ಮಾಡಿದ್ದಾನೆ. ಲೈ ಶೇ. 47 ಅಂದಾಗ ಕತೆ ತಿರುವುಮುರುವು. ಇಲ್ಲಿ ಪಾಲು ಎಷ್ಟು ಬೇಕೆಂದು ಗೊತ್ತಿದೆ, ಪೂರ್ತಿ ಎಷ್ಟು ತರಬೇಕೆಂದು ಗೊತ್ತಿಲ್ಲ. ಪ್ರತಿ 100 ಗ್ರಾಂ ಲೈಯಲ್ಲಿ 47 ಗ್ರಾಂ ಕಾಸ್ಟಿಕ್, ಉಳಿದ 53 ಗ್ರಾಂ ನೀರು. ನಮಗೆ ಬೇಕಾದ 600 ಗ್ರಾಂ ಈ ಮಿಶ್ರಣದ ಒಳಗೆ ಅಡಗಿದೆ.

ನಾನು ಬೋರ್ಡಿನ ಭಾಷೆಯಲ್ಲಿ ಹೇಳತೊಡಗಿದೆ. ದ್ರಾವ್ಯದ ತೂಕ ಭಾಗಿಸು ದ್ರಾವಣದ ತೂಕ, ಗುಣಿಸು ನೂರು, ಹೀಗೆ. ಹುಡುಗ ತಲೆ ಆಡಿಸಿದ. ತಲೆ ಆಡಿಸುವುದಕ್ಕೂ ತಿಳಿಯುವುದಕ್ಕೂ ಎಷ್ಟು ದೂರ ಅಂತ ಮಾಸ್ತರರಿಗೆ ಗೊತ್ತಿರುತ್ತದೆ.

ಕಾಕು ಕೈ ನಿಲ್ಲಿಸದೆ ಕೇಳಿದರು: "ಏಳು ಕಿಲೋ ಬೀಜ ಬೇಕಂದ್ರ ಎಷ್ಟು ಕಿಲೋ ಕಾಯಿ ತರಬೇಕು ಹೇಳೋ?"

"ಹತ್ತು ಕಿಲೋ ತರಬೇಕವ್ವ. ಸಿಪ್ಪಿ ಹೋಗ್ತೈತಲ್ಲ."

"ಮತ್ತ ನೀ ಐದು ಕಿಲೋ ತಂದೀಯಲ್ಲೋ!"

ಹುಡುಗ ಒಂದು ಕ್ಷಣ ಸುಮ್ಮನಾದ. ಆಮೇಲೆ ನಕ್ಕುಬಿಟ್ಟ. ಶೇಂಗಾ ಕಾಯಿಯಲ್ಲಿ ಬೀಜ ಸುಮಾರು ಶೇ. 70. ಏಳನ್ನು 0.7ರಿಂದ ಗುಣಿಸಿದರೆ 4.9, ಅಂದರೆ ಐದು ಕಿಲೋ ಕಾಯಿ. ಅಷ್ಟು ಒಡೆದರೆ ಸಿಗುವುದು ಮೂರೂವರೆ ಕಿಲೋ ಬೀಜ. ಈ ತಪ್ಪನ್ನು ಗದಗ ಜಿಲ್ಲೆಯಲ್ಲಿ ಯಾರೂ ಮಾಡಲಾರರು. ಸಿಪ್ಪೆ ಕಣ್ಣಿಗೆ ಕಾಣುತ್ತದೆ. ಲೈಯ ಸಿಪ್ಪೆ ನೀರು, ಅದು ಕಾಣುವುದಿಲ್ಲ, ಅಷ್ಟೇ.

ಆಮೇಲೆ ಒಂದು ದಿನ ತರಗತಿಯಲ್ಲಿ ಅದೇ ಮಾತು ಎತ್ತಿಕೊಂಡೆ. "ಶೇ. 15ರ ಉಪ್ಪಿನ ದ್ರಾವಣ ಇದೆ, 30 ಗ್ರಾಂ ಉಪ್ಪು ಬೇಕು, ಎಷ್ಟು ದ್ರಾವಣ ತೆಗೆದುಕೊಳ್ಳಬೇಕು?" ಅರ್ಧ ತರಗತಿ 4.5 ಗ್ರಾಂ ಅಂತ ಬರೆದಿತ್ತು. ನಾಲ್ಕೂವರೆ ಗ್ರಾಂ ದ್ರಾವಣದೊಳಗೆ 30 ಗ್ರಾಂ ಉಪ್ಪು! ಉತ್ತರ 200 ಗ್ರಾಂ. ಇನ್ನೂ ಕೆಲವರು ಶೇ. 15 ಅಂದರೆ 100 ಗ್ರಾಂ ನೀರಿಗೆ 15 ಗ್ರಾಂ ಉಪ್ಪು ಅಂದುಕೊಂಡಿದ್ದರು. ಹಾಗೆ ಮಾಡಿದರೆ ಒಟ್ಟು 115 ಗ್ರಾಂ ಆಗುತ್ತದೆ, ಶೇಕಡಾ 13ಕ್ಕೆ ಇಳಿಯುತ್ತದೆ. 15 ಗ್ರಾಂ ಉಪ್ಪು, 85 ಗ್ರಾಂ ನೀರು, ಅದು ಶೇ. 15. ನನ್ನ ಮಟ್ಟಿಗೆ ಸೂತ್ರಕ್ಕಿಂತ ಮುಂಚೆ ಕೇಳಬೇಕಾದ ಪ್ರಶ್ನೆ ಒಂದೇ: ಉತ್ತರ ಬೇಕಾದದ್ದಕ್ಕಿಂತ ಜಾಸ್ತಿ ಬರಬೇಕೋ, ಕಡಿಮೆಯೋ? ಅದನ್ನು ಬಾಯಲ್ಲಿ ಹೇಳಿಸಿ ಆಮೇಲೆ ಕ್ಯಾಲ್ಕುಲೇಟರ್ ಕೊಟ್ಟರೆ ಭಾಗಿಸುವುದೋ ಗುಣಿಸುವುದೋ ಅನ್ನೋ ಗೊಂದಲ ಬಹುಪಾಲು ಇರುವುದೇ ಇಲ್ಲ.

ಅದಿರಲಿ, ಕಟ್ಟೆಗೆ ಬರೋಣ. ನಗು ಮುಗಿದ ಮೇಲೆ ನಾನು ಸುಮ್ನೆ ಕೇಳಿದೆ: "ಕಾಟಾ ಎಷ್ಟು ಕಿಲೋವರೆಗೆ ತೂಗ್ತೈತಿ?"

"ಕಾಟಾ ಯಾಕ್ರೀ? ಜಗ್ಗಿನಾಗ ಅಳದು ಹಾಕೇನಿ."

ನನ್ನ ಚಹಾದ ಖುಷಿ ಇಳಿಯಿತು. ಶೇ. 47ರ ಲೈ ನೀರಿಗಿಂತ ಒಂದೂವರೆ ಪಟ್ಟು ಭಾರ. ಒಂದು ಲೀಟರ್ ಲೈ ಸುಮಾರು 1500 ಗ್ರಾಂ ತೂಗುತ್ತದೆ. 1277 ಗ್ರಾಂ ಬೇಕಿದ್ದರೆ ಜಗ್ಗಿನಲ್ಲಿ 851 ಮಿಲಿ ಸಾಕು. ಇವನು 1277 ಮಿಲಿ ಹಾಕಿದ್ದಾನೆ. ಅಂದರೆ 1915 ಗ್ರಾಂ ಲೈ, ಅದರಲ್ಲಿ 900 ಗ್ರಾಂ ಕಾಸ್ಟಿಕ್. ಬೇಕಾದದ್ದರ ಒಂದೂವರೆ ಪಟ್ಟು. ಮತ್ತೆ ಬಣ್ಣ ಹೇಗೆ ಚಂದ ಬಂತು? ಜಾಸ್ತಿ ಆದರೆ ಕಡಿಮೆ ಆದಷ್ಟು ಹಾಳಾಗುವುದಿಲ್ಲ, ತೊಳೆಯಲು ನೀರು ಜಾಸ್ತಿ ಹಿಡಿಯುತ್ತದೆ, ಕೈ ಉರಿಯುತ್ತದೆ ಅಷ್ಟೇ ಅಂದುಕೊಂಡೆ. ಆ ಸಮಾಧಾನ ಸ್ವಲ್ಪ ಬೇಗನೇ ಮಾಡಿಕೊಂಡೆ. "ನಾಳೆ ತೂಗಿ ಹಾಕು. ಗ್ರಾಂ ಅದು, ಮಿಲಿ ಅಲ್ಲ" ಅಂತ ಹೇಳಿ ಎದ್ದೆ.

ಕೈ ಉರಿ ಅಂದೆ, ಅದಕ್ಕೊಂದು ಮಾತು. ಲೈ ಜೊತೆ ಆಟ ಬೇಡ. ಮೈಗೆ ಬಿದ್ದರೆ ಮೊದಲು ಸಾಬೂನು ಹಚ್ಚಿದಂತೆ ಜಾರುತ್ತದೆ. ಚರ್ಮ ಸುಡುತ್ತಿರುವುದು ಆಮೇಲೆ ಗೊತ್ತಾಗುತ್ತದೆ. ಕಣ್ಣಿಗೆ ಹಾರಿದರೆ ಕಣ್ಣೇ ಹೋಗಬಹುದು. ರಬ್ಬರ್ ಕೈಗವಸು ಮತ್ತು ಕನ್ನಡಕ ಇಲ್ಲದೆ ಕ್ಯಾನ್ ಬಗ್ಗಿಸಬಾರದು. ಸಿಡಿದರೆ ಕಡಿಮೆ ಅಂದರೂ ಅರ್ಧ ಗಂಟೆ ನಲ್ಲಿಯ ನೀರು ಬಿಡಬೇಕು, ಕಣ್ಣಿಗಾದರೆ ಹಾಗೇ ತೊಳೆದು ದವಾಖಾನೆಗೆ ಓಡಬೇಕು. ಲಿಂಬೆಹಣ್ಣು, ಹುಳಿ, ಯಾವುದೂ ಹಚ್ಚಬಾರದು. ಲೈಯನ್ನು ನೀರಿಗೆ ಹಾಕಬೇಕು, ಲೈಗೆ ನೀರು ಹಾಕಬಾರದು. ಕುದ್ದು ಮೇಲೆ ಹಾರುತ್ತದೆ. ಇನ್ನೊಂದು, ಜರ್ಮನ್ ಪಾತ್ರೆ ಮುಟ್ಟಿಸಲೇಬಾರದು, ಅಂದರೆ ಅಲ್ಯೂಮಿನಿಯಂ. ಮೊದಲ ದಿನ ಹುಡುಗ ಕಾಕು ಅವರ ಜರ್ಮನ್ ಬೋಗುಣಿಯಲ್ಲೇ ಲೈ ತೂಗಿದ್ದನಂತೆ. ಬೋಗುಣಿ ಬುಸುಗುಟ್ಟಿ ನೊರೆ ಎದ್ದಿತು, ಒಳಗೆಲ್ಲ ಕಪ್ಪಾಯಿತು. ಅದರಿಂದ ಏಳುವುದು ಹೈಡ್ರೋಜನ್, ಪಕ್ಕದಲ್ಲಿ ಒಲೆ ಉರಿಯುತ್ತಿರುತ್ತದೆ. ಬಣ್ಣ ಕೆಟ್ಟದ್ದಕ್ಕಿಂತ ಬೋಗುಣಿ ಕೆಟ್ಟದ್ದಕ್ಕೇ ಮನೆಯಲ್ಲಿ ಜಾಸ್ತಿ ಬೈಗುಳ ಬಿತ್ತು.

ಮೂರನೇ ಬಾನಿ

ಈ ಸಲ ಎಲ್ಲ ಶಾಸ್ತ್ರಪ್ರಕಾರ. ಜಗ್ಗನ್ನು ಕಾಟಾದ ಮೇಲಿಟ್ಟು ಸೊನ್ನೆ ಮಾಡಿ, 1277 ಗ್ರಾಂ ಬರುವವರೆಗೆ ಲೈ ಸುರಿದರು. ನಾನು ರಜೆ ಇದ್ದುದರಿಂದ ಹೋಗಿ ನಿಂತಿದ್ದೆ. ಕೊನೆಗೆ ಹನಿ ಹನಿಯಾಗಿ ಬಿಟ್ಟ ಹುಡುಗ, ಕಾಟಾದಲ್ಲಿ 1277 ಕಂಡ ಕೂಡಲೇ ನನ್ನ ಮುಖ ನೋಡಿದ.

ಮೊದಲ ಲಡಿಗಳು ಚಲೋ ಬಂದವು. ಅರ್ಧ ದಾಟಿದ ಮೇಲೆ ಬಾನಿಯ ಅಂಚಿಗೆ ಹಸಿರು ಕೆನೆ ಕಾಣಿಸಿತು. ಕಾಕಾ ಕೋಲಿನಿಂದ ಸರಿಸಿ ನೋಡಿದರು, ಮಾತಾಡಲಿಲ್ಲ. ಕೊನೆಯ ಲಡಿಗಳು ಮಂಕಾದವು. ಮೊದಲ ಬಾನಿಯಷ್ಟು ಕೆಟ್ಟಿಲ್ಲ, ಆದರೆ ಎರಡನೇದರ ಪಕ್ಕ ಇಡುವ ಹಾಗಿಲ್ಲ.

"ಸರ, ಬ್ಯಾಸರ ಮಾಡ್ಕೋಬ್ಯಾಡ್ರಿ" ಅಂದರು ಕಾಕಾ. "ನಿಮ್ಮ ತಪ್ಪು ಲೆಕ್ಕಾನ ಚಲೋ ಇತ್ತಲ್ರೀ."

ಬೇಸರ ಆಗದೆ ಇರುತ್ತದೆಯೇ? ಆದರೆ ಮಾತು ನಿಜ. ಲೆಕ್ಕ ಸರಿ, ತೂಕ ಸರಿ, ಫಲ ತಪ್ಪು. ಹಾಗಾದರೆ ಉಳಿದಿರುವುದು ಒಂದೇ, ನಾವು ಯಾರೂ ಅಳೆಯದೆ ನಂಬಿದ ಸಂಖ್ಯೆ. ಕ್ಯಾನಿನ ಚೀಟಿಯ ಮೇಲಿನ 47.

ಅದನ್ನು ಪರೀಕ್ಷಿಸಲು ಪ್ರಯೋಗಾಲಯ ಬೇಕಿಲ್ಲ. ಅದೇ ಜಗ್ಗಿನಲ್ಲಿ 500 ಮಿಲಿ ಗೆರೆಗೆ ಸರಿಯಾಗಿ ಲೈ ತುಂಬಿ ತೂಗಿದೆವು. ಗೆರೆಯನ್ನು ಕಣ್ಣಿನ ಮಟ್ಟಕ್ಕೆ ತಂದು ನೋಡಬೇಕು, ಮೇಲಿನಿಂದ ಬಗ್ಗಿ ನೋಡಿದರೆ ಹತ್ತು ಮಿಲಿ ಅತ್ತಿತ್ತ ಆಗುತ್ತದೆ. ಶೇ. 47 ಇದ್ದರೆ 750 ಗ್ರಾಂ ಬರಬೇಕು. ಬಂದದ್ದು 675.

ಕಾಕಾ ಒಳಗೆ ಹೋಗಿ ಹಳೇ ಧೋತ್ರದ ತುಂಡಿನಲ್ಲಿ ಸುತ್ತಿದ ಒಂದು ಗಾಜಿನ ಕಡ್ಡಿ ತಂದರು. ತಳದಲ್ಲಿ ಸೀಸದ ಗುಂಡು, ಮೇಲೆ ಗೆರೆಗಳು. ಟ್ವಾಡಲ್ ಹೈಡ್ರೋಮೀಟರ್. ಅವರ ತಂದೆಯ ಕಾಲದ್ದು. ನನಗೆ ನಾಚಿಕೆಯಾಯಿತು. ಇದು ಮನೆಯಲ್ಲಿದೆ ಅಂತ ಮೂರು ದಿನದಿಂದ ನಾನು ಕೇಳಿರಲೇ ಇಲ್ಲ. ಉದ್ದನೆ ಗಾಜಿನ ಲೋಟದಲ್ಲಿ ಲೈ ತುಂಬಿ ಕಡ್ಡಿ ಬಿಟ್ಟರೆ ಅದು ಎರಡು ಸಲ ತೂಗಾಡಿ 70ರ ಗೆರೆಯಲ್ಲಿ ನಿಂತಿತು. ಟ್ವಾಡಲ್ ಲೆಕ್ಕ ಸುಲಭ. ಗೆರೆಯನ್ನು 0.005ರಿಂದ ಗುಣಿಸಿ ಒಂದು ಕೂಡಿಸಿದರೆ ನೀರಿಗಿಂತ ಎಷ್ಟು ಪಟ್ಟು ಭಾರ ಅಂತ ಸಿಗುತ್ತದೆ. 70ಕ್ಕೆ 1.35. ನಮ್ಮ 675 ಗ್ರಾಂ ಕೂಡ ಅದನ್ನೇ ಹೇಳಿತ್ತು. ಶೇ. 47 ಆಗಿದ್ದರೆ ಕಡ್ಡಿ 100ರ ಹತ್ತಿರ ನಿಲ್ಲಬೇಕಿತ್ತು.

ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದ ಸಾಂದ್ರತೆ ಶೇ. 10ಕ್ಕೆ 1.11, ಶೇ. 20ಕ್ಕೆ 1.22, ಶೇ. 30ಕ್ಕೆ 1.33, ಶೇ. 40ಕ್ಕೆ 1.43, ಶೇ. 50ಕ್ಕೆ 1.53ರ ಹತ್ತಿರ. 1.35 ಅಂದರೆ ಶೇ. 32. ಈ ಸಂಖ್ಯೆ ಕಂಡ ಕೂಡಲೇ ವಿಷಯ ಏನೆಂದು ಹೊಳೆಯಿತು. ಉಪ್ಪು ನೀರಿಗೆ ವಿದ್ಯುತ್ ಹಾಯಿಸಿ ಕಾಸ್ಟಿಕ್ ಮಾಡುವ ಈಗಿನ ಮೆಂಬ್ರೇನ್ ಕಾರ್ಖಾನೆಗಳಲ್ಲಿ ಲೈ ಹೊರಬರುವುದೇ ಸುಮಾರು ಶೇ. 32 ಆಗಿ. ಅದನ್ನು ಕುದಿಸಿ ನೀರು ಇಳಿಸಿ ಶೇ. 47ರಿಂದ 50ರವರೆಗೆ ಗಟ್ಟಿ ಮಾಡುತ್ತಾರೆ. ಎರಡೂ ಪೇಟೆಯಲ್ಲಿ ಸಿಗುವ ಮಾಲು. ಯಾರೂ ನೀರು ಬೆರೆಸಿರಲಿಕ್ಕಿಲ್ಲ. ಹುಡುಗ ಅಂಗಡಿಗೆ ಫೋನ್ ಹಚ್ಚಿದ. ಉತ್ತರ ಬಂತು: "ಕ್ಯಾನ್ ಹಳೇದು, ಮಾಲು ಹೊಸಾದು." ಚೀಟಿ ಹರಿಯುವುದು ಮರೆತಿದ್ದರು.

ಆದರೂ ಸಾಂದ್ರತೆ ಒಂದನ್ನೇ ಪೂರ್ತಿ ನಂಬುವಂತಿಲ್ಲ. ಲೈಯಲ್ಲಿ ಬೇರೆ ಉಪ್ಪು ಕರಗಿದ್ದರೂ ಕಡ್ಡಿ ಮೇಲೇಳುತ್ತದೆ, ಅದಕ್ಕೆ ಕಾಸ್ಟಿಕ್ ಯಾವುದು ಉಪ್ಪು ಯಾವುದು ಗೊತ್ತಿಲ್ಲ. ಹಾಗಾಗಿ ಒಂದು ಸಣ್ಣ ಪ್ಲಾಸ್ಟಿಕ್ ಬಾಟಲಿಯಲ್ಲಿ ಚೂರು ಲೈ ಕಾಲೇಜಿಗೆ ಒಯ್ದೆ. 12.5 ಗ್ರಾಂ ತೂಗಿ, ನೀರು ಬೆರೆಸಿ 250 ಮಿಲಿ ಮಾಡಿ, ಅದರಲ್ಲಿ 25 ಮಿಲಿ ತೆಗೆದು ಟೈಟ್ರೇಶನ್ ಮಾಡಿದೆ, ಅಂದರೆ ಆಮ್ಲ ಹನಿ ಹನಿಯಾಗಿ ಬಿಟ್ಟು ಒಳಗಿನ ಕಾಸ್ಟಿಕ್ ಎಷ್ಟು ಅಂತ ಅಳೆದೆ. ಸೂಚಕವಾಗಿ ಹಾಕಿದ ಫಿನಾಲ್ಫ್ಥಲೀನಿನ ಗುಲಾಬಿ ಬಣ್ಣ ಹೋಗಲು 1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ 9.9 ಮಿಲಿ ಹಿಡಿಯಿತು. ಲೆಕ್ಕ ಹಾಕಿದರೆ ಶೇ. 31.7. ಕಡ್ಡಿ ಸುಳ್ಳು ಹೇಳಿರಲಿಲ್ಲ.

ಹಿಂದಕ್ಕೆ ಹೋಗಿ ನೋಡಿದರೆ

ಈಗ ಮೂರೂ ಬಾನಿಯನ್ನು ಮತ್ತೆ ಎಣಿಸೋಣ. ಮೊದಲನೇದಕ್ಕೆ ಹೋದದ್ದು 282 ಗ್ರಾಂ ಲೈ, ಅದರಲ್ಲಿ ಕಾಸ್ಟಿಕ್ 90 ಗ್ರಾಂ. ನಾವು 132 ಅಂದುಕೊಂಡಿದ್ದೆವು, ಅಷ್ಟೂ ಇರಲಿಲ್ಲ. ಮೂರನೇದಕ್ಕೆ 1277 ಗ್ರಾಂ ಲೈ, ಕಾಸ್ಟಿಕ್ 409 ಗ್ರಾಂ. ಹೈಡ್ರೋಸ್ ತಿಂದದ್ದು ಕಳೆದರೆ ಉಳಿಯುವುದು 180ರ ಆಸುಪಾಸು. ಆರಂಭಕ್ಕೆ ಸಾಕು, ಕೊನೆಯವರೆಗೆ ಸಾಲದು. ಕೊನೆಯ ಲಡಿಗಳು ಮಾತ್ರ ಮಂಕಾದದ್ದು ಹೀಗೆ.

ಎರಡನೇದು? 1277 ಮಿಲಿ. ಒಂದು ಮಿಲಿ 1.35 ಗ್ರಾಂ, ಒಟ್ಟು 1724 ಗ್ರಾಂ. ಅದರ ಶೇ. 32 ಅಂದರೆ 552 ಗ್ರಾಂ ಕಾಸ್ಟಿಕ್. ಬೇಕಾದದ್ದು 600. ಹುಡುಗ ಗ್ರಾಂ ಬದಲು ಮಿಲಿ ಅಳೆದು ಮಾಲನ್ನು ಜಾಸ್ತಿ ಹಾಕಿದ. ಅಂಗಡಿಯವರು ಹಳೇ ಕ್ಯಾನಿನಲ್ಲಿ ತೆಳು ಮಾಲು ಕೊಟ್ಟಿದ್ದರು. ಎರಡು ತಪ್ಪು ಎದುರುಬದುರು ನಿಂತು ಹೆಚ್ಚುಕಡಿಮೆ ಸರಿಹೋಯಿತು. ನಾನು ಹೋಗಿ ಒಂದು ತಪ್ಪನ್ನು ಮಾತ್ರ ತಿದ್ದಿದೆ. ಇನ್ನೊಂದು ಒಂಟಿಯಾಗಿ ಉಳಿದು ಕೈಕೊಟ್ಟಿತು.

ಇದನ್ನು ಕಾಕಾ ಅವರಿಗೆ ಹೇಳಿದಾಗ ಅವರು ತುಂಬ ಹೊತ್ತು ನಕ್ಕರು. ನನಗೆ ಮಾತ್ರ ಒಂದು ಹೆದರಿಕೆ ಉಳಿಯಿತು. ಎರಡನೇ ಬಾನಿ ನೋಡಿ ನಾನು ಸುಮ್ಮನೆ ಇದ್ದುಬಿಟ್ಟಿದ್ದರೆ ವಹಿಯಲ್ಲಿ "ಲೈ 1277 ಮಿಲಿ" ಅಂತ ಬರೆದಿರುತ್ತಿದ್ದರು. ಮುಂದಿನ ಸಲ ನಿಜವಾದ ಶೇ. 47ರ ಕ್ಯಾನ್ ಬಂದಾಗ ಅದೇ ಬರಹ ನೋಡಿ 900 ಗ್ರಾಂ ಕಾಸ್ಟಿಕ್ ಸುರಿಯುತ್ತಿದ್ದರು.

ಸರಿಯಾದ ಲೆಕ್ಕ ಈಗ ಎರಡು ಹೆಜ್ಜೆ. 600 ಭಾಗಿಸು 0.32, ಬರುತ್ತದೆ 1875 ಗ್ರಾಂ ಲೈ. ಕಾಟಾ ಇಲ್ಲದೆ ಜಗ್ಗಿನಲ್ಲೇ ಅಳೆಯಬೇಕಿದ್ದರೆ 1875 ಭಾಗಿಸು 1.35, ಅಂದರೆ 1389 ಮಿಲಿ. ಜಗ್ಗಿನ ಗೆರೆಗೆ 1390 ಅಂದರೂ ನಡೆಯುತ್ತದೆ. ಚಕ್ಕೆ ಕಾಸ್ಟಿಕ್ಕೂ ಪೂರ್ತಿ ನೂರಲ್ಲ, ಶೇ. 98ರ ಹತ್ತಿರ ಇರುತ್ತದೆ. ಲೆಕ್ಕಕ್ಕೆ 612 ಗ್ರಾಂ ಹಾಕಬೇಕು, ಯಾರೂ ಹಾಕುವುದಿಲ್ಲ, ಏನೂ ಆಗುವುದಿಲ್ಲ. ನೂರರ ಹತ್ತಿರ ಇದ್ದಾಗ ಗುಣಿಸಿದರೂ ಭಾಗಿಸಿದರೂ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಇಷ್ಟು ವರ್ಷ ಈ ತಪ್ಪು ಮನೆಯಲ್ಲಿ ಬಯಲಿಗೆ ಬರದೇ ಇದ್ದದ್ದು ಬಹುಶಃ ಅದಕ್ಕೇ. ಇನ್ನು ಲೈ ಜೊತೆ ಬರುವ 1275 ಗ್ರಾಂ ನೀರು 100 ಲೀಟರಿನ ಬಾನಿಯಲ್ಲಿ ಲೆಕ್ಕಕ್ಕಿಲ್ಲ. ಹತ್ತು ಲೀಟರಿನ ಸಣ್ಣ ಕೆಲಸಕ್ಕೆ ಇಷ್ಟೇ ಲೈ ಬೇಕಾಗುವುದಾಗಿದ್ದರೆ ಮೊದಲೇ ಅಷ್ಟು ನೀರು ಕಡಿಮೆ ಇಡಬೇಕಾಗುತ್ತಿತ್ತು.

ದುಡ್ಡಿನ ಮಾತೂ ಇದೆ. ಶೇ. 47ರ ದರ ಕೊಟ್ಟು ತಂದ 10 ಕಿಲೋದಲ್ಲಿ 4.7 ಕಿಲೋ ಕಾಸ್ಟಿಕ್ ಇರಬೇಕಿತ್ತು, ಸಿಕ್ಕಿದ್ದು 3.2. ಒಂದೂವರೆ ಕಿಲೋ ಕಡಿಮೆ. ಕಾಕು ಇದನ್ನು ಕೇಳಿದ್ದೇ ತಡ, "ಸಿಪ್ಪೀನ ತೂಗಿ ಕೊಟ್ಟಾರ" ಅಂದರು. ಅಂಗಡಿಯವರು ತಕರಾರು ಮಾಡದೆ ಮುಂದಿನ ಸಲ ಸರಿಮಾಡಿ ಕೊಡುವುದಾಗಿ ಒಪ್ಪಿದರು.

ಕೆಟ್ಟ ನೂಲು ಪೂರ್ತಿ ಕೆಟ್ಟಿರಲಿಲ್ಲ. ವ್ಯಾಟ್ ಬಣ್ಣದ ಒಂದು ಉಪಕಾರ ಏನೆಂದರೆ, ಅದನ್ನು ಕರಗಿಸಿದ ಕಾಸ್ಟಿಕ್ ಹೈಡ್ರೋಸೇ ಅದನ್ನು ಮತ್ತೆ ಕರಗಿಸುತ್ತದೆ. ಮೊದಲ ಬಾನಿಯ ಚುಕ್ಕೆ ಲಡಿಗಳನ್ನೂ ಮೂರನೇದರ ಮಂಕು ಲಡಿಗಳನ್ನೂ ಹೊಸ ಬಾನಿಗೆ ಹಾಕಿದರು. 1875 ಗ್ರಾಂ ಲೈ, ತೂಗಿ. ಮೇಲಿನ ಹಸಿರು ಕರಗಿ ನೀಲಿಯಾಯಿತು, ಚೂರು ಹೊಸ ಬಣ್ಣ ಸೇರಿಸಿದರು, ನಿಧಾನಕ್ಕೆ ತಿರುವಿದರು. ಮೂರು ಹಸಿರು ಒಂದಾಯಿತು ಅನ್ನುವಷ್ಟರ ಮಟ್ಟಿಗೆ ಬಂತು. ಕಾಕಾ ಬಿಸಿಲಲ್ಲಿ ಲಡಿ ಹಿಡಿದು ನೋಡಿ, ಚುಕ್ಕೆ ಇದ್ದದ್ದು ಯಾವುದು ಅಂತ ನನ್ನನ್ನೇ ಗುರುತಿಸಲು ಹೇಳಿದರು. ನನ್ನಿಂದ ಆಗಲಿಲ್ಲ, ಅವರಿಂದ ಆಯಿತು. ಗಿರಾಕಿಗೆ ಪಂಚಮಿಯ ಹಿಂದಿನ ದಿನ ಮಾಲು ಹೋಯಿತು.

ಉಂಡಿಯ ಡಬ್ಬಿ ನಮ್ಮ ಮನೆಗೂ ಬಂತು.

ಮೂರು ವಾರದ ಮೇಲೆ ಮತ್ತೆ ಫೋನ್. ಈ ಸಲ ಅಂಗಡಿಯಿಂದಲೇ. ಹಿಂದೆ ಗಾಡಿಗಳ ಹಾರ್ನು.

"ಸರ, ಇಲ್ಲೇ ಕಾಟಾದ ಮ್ಯಾಲ ನೋಡೇನ್ರಿ. ಅರ್ಧ ಲೀಟರ್ 750 ಬಂತು."

"ಹಂಗಾದ್ರ 47ರ ಹತ್ತಿರ ಐತಿ. 600ಕ್ಕ ಎಷ್ಟು ಹಾಕ್ತಿ?"

"1277" ಅಂದ. ನಾನು ಕಾದೆ. ಅವನೂ ಕಾದ, ನಗು ತಡೆಹಿಡಿದದ್ದು ಕೇಳಿಸುತ್ತಿತ್ತು.

"ಗ್ರಾಂ ರೀ ಸರ. ಮಿಲಿ ಆದ್ರ 851."